ಬಾಳೆಹಡಗಿನ ಗುತ್ತಿಗೆ, ಎರಡು ಸಿಸಿಲಿ ಮನೆತನ, ಹನ್ನೊಂದು ಹೆಣ

ಪ್ರಶ್ನೆ: ನಾವು ಮೂಲತಃ ದಾವಣಗೆರೆಯವರು, ಈಗ ಅಮೆರಿಕದ ಲೂಯಿಸಿಯಾನದಲ್ಲಿದ್ದೇವೆ. ಎಂಟನೇ ತರಗತಿಯ ಮಗಳಿಗೆ ಸ್ಥಳೀಯ ಇತಿಹಾಸದ ಬಗ್ಗೆ ಪ್ರಬಂಧ ಬರೆಯಲು ಶಾಲೆಯಲ್ಲಿ ಹೇಳಿದ್ದಾರೆ. ನ್ಯೂ ಆರ್ಲಿಯನ್ಸ್ ನೋಡಲು ಹೋದಾಗ ಗೈಡ್ ಒಬ್ಬರು, ‘ಅಮೆರಿಕದ ಮೊದಲ ಮಾಫಿಯಾ ಇಲ್ಲೇ ಹುಟ್ಟಿದ್ದು’ ಎಂದು ಶುರು ಮಾಡಿ ಒಂದು ಕಥೆ ಹೇಳಿದರು. ಪ್ರೊವೆಂಜಾನೊ ಮತ್ತು ಮಟ್ರಾಂಗ ಎಂಬ ಎರಡು ಇಟಾಲಿಯನ್ ಗ್ಯಾಂಗುಗಳು ಹೊಡೆದಾಡಿಕೊಂಡವಂತೆ, ಅಡ್ಡ ಬಂದ ಪೊಲೀಸ್ ಮುಖ್ಯಸ್ಥನನ್ನು ಕೊಂದವಂತೆ, ನ್ಯಾಯಾಲಯವನ್ನೂ ಕೊಂಡುಕೊಂಡವಂತೆ. ಕೊನೆಗೆ ರೊಚ್ಚಿಗೆದ್ದ ಜನ ಜೈಲಿಗೆ ನುಗ್ಗಿ ಹನ್ನೊಂದು ಮಂದಿಯನ್ನು ಮುಗಿಸಿದರಂತೆ. ಮಗಳಿಗೆ ಇದನ್ನೇ ಬರೆಯುವ ಆಸೆ. ಆದರೆ ನಮ್ಮ ನೆರೆಮನೆಯ ಇಟಾಲಿಯನ್ ಮೂಲದ ಹಿರಿಯರೊಬ್ಬರು ಇದನ್ನು ಕೇಳಿ ನೊಂದುಕೊಂಡರು. ಗ್ಯಾಂಗೂ ಇರಲಿಲ್ಲ, ಮಾಫಿಯಾವೂ ಇರಲಿಲ್ಲ, ಎಲ್ಲ ಪತ್ರಿಕೆಗಳು ಕಟ್ಟಿದ ಸುಳ್ಳು, ಸತ್ತವರೆಲ್ಲ ಬಡ ಕೂಲಿಗಳು ಎಂದರು. ಯಾರ ಮಾತು ನಿಜ? ನಾವೂ ವಲಸೆ ಬಂದವರೇ. ಇನ್ನೊಂದು ವಲಸೆ ಸಮುದಾಯದ ಹೆಸರು ಕೆಡಿಸುವಂಥದ್ದನ್ನು ಮಗಳ ಕೈಯಲ್ಲಿ ಬರೆಸಲು ಮನಸ್ಸಿಲ್ಲ. ಹಾಗೆಂದು ಸುಳ್ಳನ್ನೂ ಬರೆಸಲಾರೆ. ಏನು ಮಾಡಲಿ?

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ. ಎರಡು ತಂಡಗಳ ನಡುವೆ ಹಗೆತನ ಇದ್ದದ್ದು ನಿಜವೆಂದು ಒಪ್ಪಿಕೊಂಡರೆ, ಜೈಲಿನಲ್ಲಿ ಸತ್ತ ಹನ್ನೊಂದು ಮಂದಿ ಕೊಲೆಗಡುಕರೆಂದೂ ಒಪ್ಪಿದಂತಾಗುತ್ತದೆ ಎಂಬುದು ನಿಮ್ಮ ಭಯ. ನಿಮ್ಮ ನೆರೆಮನೆಯ ಹಿರಿಯರ ಭಯವೂ ಅದೇ ಇರಬೇಕು. ಅದಕ್ಕೇ ಅವರು ಹಗೆತನವನ್ನೇ ಅಲ್ಲಗಳೆಯುತ್ತಿದ್ದಾರೆ. ಅಮೆರಿಕದ ವಲಸೆಯ ಚರಿತ್ರೆಯನ್ನು ಪಾಠ ಹೇಳುತ್ತ ಬಂದ ನನಗೆ ಈ ಗಂಟು ಪರಿಚಿತ. ಪ್ರತಿ ವರ್ಷವೂ ಒಬ್ಬಿಬ್ಬರು ವಿದ್ಯಾರ್ಥಿಗಳು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ನಾನು ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಹಗೆತನಕ್ಕೆ ಪುರಾವೆ ಇದೆ, ಕೊಲೆ ಮಾಡಿದವರು ಯಾರು ಎಂಬುದಕ್ಕೆ ಇಲ್ಲ. ಒಂದರ ಪುರಾವೆಯನ್ನು ಇನ್ನೊಂದಕ್ಕೆ ಬಳಸಿದ್ದರಿಂದಲೇ 1891ರಲ್ಲಿ ಆ ಅನಾಹುತವಾಯಿತು. ನಿಮ್ಮ ಗೈಡ್ ಇವತ್ತಿಗೂ ಅದನ್ನೇ ಮಾಡುತ್ತಿದ್ದಾರೆ.

ಮೊದಲು ಬಂದರಿನಿಂದ ಆರಂಭಿಸೋಣ. ಈ ಜಗಳದ ಬೇರು ಇರುವುದು ಅಲ್ಲಿ. ಸಿಸಿಲಿಯ ಪಲೆರ್ಮೊದಿಂದ ನ್ಯೂ ಆರ್ಲಿಯನ್ಸಿಗೆ ನಿಂಬೆಹಣ್ಣು ತರುವ ಹಡಗುಗಳು ಬರುತ್ತಿದ್ದವು. ಹಣ್ಣಿನ ಜೊತೆಗೆ ಜನರೂ ಬಂದರು. ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಲೂಯಿಸಿಯಾನದ ಕಬ್ಬಿನ ತೋಟದ ಮಾಲೀಕರಿಗೆ ಅಗ್ಗದ ಕೂಲಿಯವರು ಬೇಕಾಗಿದ್ದರು. ಸಿಸಿಲಿಯ ರೈತಾಪಿ ಜನರನ್ನು ಅವರು ಬಯಸಿ ಕರೆಸಿಕೊಂಡರು. ಕಬ್ಬು ಕಡಿಯುವ ಹಂಗಾಮಿಗೆ ಬಂದವರು ಹಂಗಾಮು ಮುಗಿದ ಮೇಲೆ ನಗರ ಸೇರಿದರು. ಫ್ರೆಂಚ್ ಕ್ವಾರ್ಟರಿನ ಹಳೆಯ, ಬಿರುಕುಬಿಟ್ಟ ಮನೆಗಳಲ್ಲಿ ಒತ್ತೊತ್ತಾಗಿ ನೆಲೆಸಿದರು. ಆ ಭಾಗಕ್ಕೆ ‘ಪುಟ್ಟ ಪಲೆರ್ಮೊ’ ಎಂಬ ಹೆಸರೇ ಬಿತ್ತು. ಬಂದರಿನಲ್ಲಿ ದೊಡ್ಡ ಕೆಲಸವೆಂದರೆ ಹತ್ತಿ ತುಂಬುವುದು. ಅಲ್ಲಿ ಕಪ್ಪು ಮತ್ತು ಬಿಳಿ ಕಾರ್ಮಿಕರ ಬಲವಾದ ಸಂಘಗಳು ಮೊದಲೇ ಬೇರೂರಿದ್ದವು. ಹೊಸಬರಿಗೆ ಅಲ್ಲಿ ಜಾಗವಿರಲಿಲ್ಲ. ಅವರಿಗೆ ದಕ್ಕಿದ್ದು ಹಣ್ಣಿನ ದಕ್ಕೆ.

ಹಣ್ಣು ಇಳಿಸುವ ಕೆಲಸ ಹೇಗಿತ್ತು ಎಂದು ತಿಳಿದರೆ ಗುತ್ತಿಗೆಗೆ ಅಷ್ಟೇಕೆ ಬೆಲೆ ಬಂತು ಎಂಬುದು ಅರ್ಥವಾಗುತ್ತದೆ. 1880ರ ದಶಕದಲ್ಲಿ ಹೊಂಡುರಾಸ್ ಮತ್ತು ಸುತ್ತಲಿನ ಮಧ್ಯ ಅಮೆರಿಕದ ಕರಾವಳಿಯಿಂದ ಬಾಳೆಹಣ್ಣಿನ ವ್ಯಾಪಾರ ಏರತೊಡಗಿತ್ತು. ಬಾಳೆ ಗೊನೆಗೊನೆಯಾಗಿ, ಇನ್ನೂ ಹಸಿರಿರುವಾಗಲೇ ಹಡಗೇರುತ್ತಿತ್ತು. ಹಡಗು ಮುಟ್ಟಿದ ಕೂಡಲೇ ಇಳಿಸಿ ಉತ್ತರಕ್ಕೆ ಹೋಗುವ ರೈಲಿಗೆ ತುಂಬಬೇಕು. ತಡವಾದರೆ ಹಡಗಿನ ಒಡಲಿನಲ್ಲೇ ಕಾವು ಏರಿ ಗೊನೆಗಳು ಹಣ್ಣಾಗಿಬಿಡುತ್ತವೆ. ಹಣ್ಣಾದ ಗೊನೆಯನ್ನು ದೂರದ ಊರಿಗೆ ಕಳಿಸುವಂತಿಲ್ಲ, ಅಲ್ಲಿಯೇ ತಳ್ಳುಗಾಡಿಯವರಿಗೆ ಸಿಕ್ಕಿದ ಬೆಲೆಗೆ ಕೊಡಬೇಕು. ಯಂತ್ರಗಳಿಲ್ಲದ ಕಾಲ. ಆಳುಗಳು ಸಾಲುಗಟ್ಟಿ ಹಡಗಿನಿಂದ ಒಂದೊಂದೇ ಗೊನೆಯನ್ನು ಹೆಗಲಿಗೇರಿಸಿಕೊಂಡು ಹಲಗೆಯ ಮೇಲೆ ಇಳಿದು ಬರಬೇಕಿತ್ತು. ಹಡಗು ನಡುರಾತ್ರಿ ಬಂದರೆ ನಡುರಾತ್ರಿಯೇ ಕೆಲಸ. ಅಷ್ಟು ಹೊತ್ತಿನಲ್ಲಿ ಜನರನ್ನು ಮನೆಮನೆಯಿಂದ ಎಬ್ಬಿಸಿ ತರಬಲ್ಲ, ಅವರದೇ ಸಿಸಿಲಿ ಆಡುಮಾತು ಬಲ್ಲ ಒಬ್ಬ ಮೇಸ್ತ್ರಿ ಇಲ್ಲದೆ ಆಮದುದಾರನ ಸರಕು ಕೊಳೆತುಹೋಗುತ್ತದೆ. ಹಾಗಾಗಿ ಆಮದುದಾರರು ಇಡೀ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ವ್ಯಾಪಾರಿ ಕೊಡುವ ಹಣಕ್ಕೂ ಕೂಲಿಗೆ ಮುಟ್ಟುವ ಹಣಕ್ಕೂ ನಡುವಿನ ಅಂತರ ಗುತ್ತಿಗೆದಾರನ ಜೇಬಿಗೆ. ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ತೀರ್ಮಾನಿಸುವವನೂ ಅವನೇ. ಬೇರೆ ಕೆಲಸ ಸಿಗದ, ಇಂಗ್ಲಿಷ್ ಬಾರದ ನೂರಾರು ಕುಟುಂಬಗಳ ಅನ್ನ ಅವನ ಕೈಯಲ್ಲಿತ್ತು. ದುಡ್ಡಿನ ಜೊತೆಗೆ ಜನಬಲ, ಜನಬಲದ ಜೊತೆಗೆ ಚುನಾವಣೆಯ ಕಾಲದಲ್ಲಿ ರಾಜಕಾರಣಿಗಳ ಒಡನಾಟ.

ಈ ಗುತ್ತಿಗೆ ಮೊದಲು ಪ್ರೊವೆಂಜಾನೊ ಸಹೋದರರ ಕೈಯಲ್ಲಿತ್ತು. ಮಟ್ರಾಂಗ ಸಹೋದರರಾದ ಚಾರ್ಲ್ಸ್ ಮತ್ತು ಟೋನಿ ಮದ್ಯದಂಗಡಿ ನಡೆಸುತ್ತಿದ್ದವರು. 1880ರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಆಮದುದಾರರು ಪ್ರೊವೆಂಜಾನೊಗಳನ್ನು ಬಿಟ್ಟು ಕೆಲಸವನ್ನು ಮಟ್ರಾಂಗರಿಗೆ ಒಪ್ಪಿಸಿದರು. ಹಣ್ಣಿನ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ಜೋಸೆಫ್ ಮಕೆಕಾ ಮಟ್ರಾಂಗರ ಕಡೆಗಿದ್ದ. ಗುತ್ತಿಗೆ ಹೋಯಿತು ಎಂದರೆ ಪ್ರೊವೆಂಜಾನೊಗಳಿಗೆ ಬರೀ ಆದಾಯ ತಪ್ಪಿದ್ದಲ್ಲ. ಅವರನ್ನು ನಂಬಿಕೊಂಡಿದ್ದ ಕೂಲಿಯವರೆಲ್ಲ ಒಂದೋ ಕೆಲಸ ಕಳೆದುಕೊಳ್ಳಬೇಕು, ಇಲ್ಲವೇ ಹೊಸ ಯಜಮಾನನ ಬಾಗಿಲಿಗೆ ಹೋಗಬೇಕು. ಬೆದರಿಕೆ, ಬೈಗುಳ, ಹೊಡೆದಾಟ ಶುರುವಾದವು.

1890ರ ಮೇ ತಿಂಗಳ ಮೊದಲ ವಾರ ಅದು ಗುಂಡಿನ ಕಾಳಗಕ್ಕೆ ಹೋಯಿತು. ಹಣ್ಣು ಇಳಿಸಿ ನಡುರಾತ್ರಿಯ ನಂತರ ಮನೆಗೆ ಮರಳುತ್ತಿದ್ದ ಮಟ್ರಾಂಗ ಕಡೆಯ ಕೆಲಸಗಾರರ ಬಂಡಿಯ ಮೇಲೆ ಎಸ್ಪ್ಲನೇಡ್ ಮತ್ತು ಕ್ಲೇಬೋರ್ನ್ ರಸ್ತೆಗಳು ಕೂಡುವಲ್ಲಿ ಹೊಂಚು ಹಾಕಿದ್ದವರು ಗುಂಡು ಹಾರಿಸಿದರು. ಟೋನಿ ಮಟ್ರಾಂಗ ಒಂದು ಕಾಲು ಕಳೆದುಕೊಂಡ, ಇನ್ನೂ ಕೆಲವರಿಗೆ ಗಾಯವಾಯಿತು. ಗಾಯಗೊಂಡವರು ಪೊಲೀಸರಿಗೆ ಹೆಸರು ಹೇಳಿದರು, ನ್ಯಾಯಾಲಯಕ್ಕೂ ಬಂದು ಸಾಕ್ಷಿ ನುಡಿದರು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ‘ಸಿಸಿಲಿಯವರು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ, ರಕ್ತದಲ್ಲೇ ಬಂದ ಮೌನ’ ಎಂಬ ಮಾತು ಪ್ರವಾಸಿ ಕಥೆಗಳಲ್ಲಿ ತಪ್ಪದೆ ಬರುತ್ತದೆ. ಇಲ್ಲಿ ಅವರು ಕಾನೂನಿನ ಬಾಗಿಲನ್ನೇ ತಟ್ಟಿದರು. ಜುಲೈನಲ್ಲಿ ಪ್ರೊವೆಂಜಾನೊ ಕಡೆಯವರಿಗೆ ಶಿಕ್ಷೆಯ ತೀರ್ಪೂ ಆಯಿತು. ಆದರೆ ಆರೋಪಿಗಳು ಆ ಹೊತ್ತಿನಲ್ಲಿ ಬೇರೆಡೆ ಇದ್ದರೆಂದು ಹೇಳಲು ಬಂದವರಲ್ಲಿ ಪೊಲೀಸರೇ ಹಲವರಿದ್ದರು. ತೀರ್ಪು ರದ್ದಾಗಿ ಮರುವಿಚಾರಣೆಗೆ ಆದೇಶವಾಯಿತು. 1891ರ ಜನವರಿಯಲ್ಲಿ ಅವರು ಖುಲಾಸೆಯಾದರು. ಪೊಲೀಸರು ಒಂದು ಪಕ್ಷ ಹಿಡಿದಿದ್ದಾರೆ ಎಂದು ಮಟ್ರಾಂಗ ಕಡೆಯವರಿಗೆ ಅನ್ನಿಸಿದ್ದರೆ ಅದಕ್ಕೆ ಆಧಾರವಿತ್ತು. ಪೊಲೀಸರನ್ನು ನಂಬಲಾಗದ ಊರಿನಲ್ಲಿ ಸಾಕ್ಷಿಗಳು ಹಿಂದೆ ಸರಿಯುವುದಕ್ಕೆ ರಕ್ತದ ಕಾರಣ ಹುಡುಕಬೇಕಾಗಿಲ್ಲ.

ಇಲ್ಲಿಯವರೆಗೆ ನಿಮ್ಮ ಗೈಡ್ ಹೇಳಿದ್ದರಲ್ಲಿ ಸತ್ಯಾಂಶವಿದೆ. ನಿಮ್ಮ ನೆರೆಮನೆಯ ಹಿರಿಯರಿಗೆ ಇಷ್ಟವಾಗದಿದ್ದರೂ, ಎರಡು ತಂಡಗಳಿದ್ದವು, ಹಗೆಯಿತ್ತು, ಬಂದೂಕೂ ಹಾರಿತು.

ಈಗ ಪೊಲೀಸ್ ಮುಖ್ಯಸ್ಥ ಡೇವಿಡ್ ಹೆನೆಸ್ಸಿಯ ವಿಷಯ. 1881ರಲ್ಲಿ, ಪತ್ತೇದಾರನಾಗಿದ್ದಾಗ, ಇಟಲಿಯಿಂದ ತಲೆಮರೆಸಿಕೊಂಡು ಬಂದಿದ್ದ ಜುಸೆಪ್ಪೆ ಎಸ್ಪೊಸಿಟೊ ಎಂಬ ಡಕಾಯಿತನನ್ನು ಹಿಡಿದು ಹೆಸರು ಮಾಡಿದ್ದ. ಅದೇ ವರ್ಷ ಇಲಾಖೆಯ ಒಳಜಗಳದಲ್ಲಿ ಥಾಮಸ್ ಡೆವೆರೊ ಎಂಬ ಹಿರಿಯ ಅಧಿಕಾರಿಯನ್ನು ಹೆನೆಸ್ಸಿಯೇ ಗುಂಡಿಕ್ಕಿ ಕೊಂದ. ಆತ್ಮರಕ್ಷಣೆಗಾಗಿ ಎಂದು ನ್ಯಾಯಾಲಯ ಅವನನ್ನು ಬಿಟ್ಟಿತು, ಆದರೆ ನೌಕರಿ ಹೋಯಿತು. 1888ರಲ್ಲಿ ಜೋಸೆಫ್ ಶೇಕ್ಸ್‌ಪಿಯರ್ ಎಂಬಾತ ಸುಧಾರಣೆಯ ಹೆಸರಿನಲ್ಲಿ ಮೇಯರ್ ಆಗಿ ಗೆದ್ದಾಗ ಹೆನೆಸ್ಸಿಯನ್ನು ಕರೆತಂದು ಪೊಲೀಸ್ ಮುಖ್ಯಸ್ಥನನ್ನಾಗಿ ಮಾಡಿದ. ಧೈರ್ಯವಂತನೆಂಬ ಹೆಸರು ಅವನಿಗಿತ್ತು. ಶತ್ರುಗಳೂ ಇದ್ದರು, ಮತ್ತು ಅವರೆಲ್ಲರೂ ಇಟಾಲಿಯನ್ನರಾಗಿರಲಿಲ್ಲ. ಪ್ರೊವೆಂಜಾನೊಗಳ ಮರುವಿಚಾರಣೆಯಲ್ಲಿ ಅವರ ಪರವಾಗಿ ಅವನು ಸಾಕ್ಷಿ ಹೇಳಲಿದ್ದಾನೆ ಎಂಬ ಮಾತು ಊರಿನಲ್ಲಿ ಹಬ್ಬಿತ್ತು.

1890ರ ಅಕ್ಟೋಬರ್ 15ರ ರಾತ್ರಿ, ತುಂತುರು ಮಳೆಯ ಹೊತ್ತಿನಲ್ಲಿ, ಗಿರಾಡ್ ರಸ್ತೆಯ ತನ್ನ ಮನೆಯ ಹತ್ತಿರ ಹೆನೆಸ್ಸಿಗೆ ಗುಂಡೇಟು ಬಿತ್ತು. ಅವನೂ ತಿರುಗಿ ಗುಂಡು ಹಾರಿಸಿದ. ಸ್ವಲ್ಪ ಮೊದಲಷ್ಟೇ ಅವನಿಂದ ಬೀಳ್ಕೊಂಡು ಹೋಗಿದ್ದ ಕ್ಯಾಪ್ಟನ್ ಓ’ಕಾನರ್ ಸದ್ದು ಕೇಳಿ ಓಡಿಬಂದ. ಯಾರು ಹೊಡೆದದ್ದು ಎಂದು ಕೇಳಿದ್ದಕ್ಕೆ ಹೆನೆಸ್ಸಿ ಇಟಾಲಿಯನ್ನರನ್ನು ಹೀನವಾಗಿ ಕರೆಯುವ ಒಂದು ಪದವನ್ನು ಪಿಸುಗುಟ್ಟಿದ ಎಂದು ಓ’ಕಾನರ್ ಹೇಳಿದ. ಇಡೀ ಪ್ರಕರಣ ನಿಂತದ್ದು ಆ ಪಿಸುಮಾತಿನ ಮೇಲೆ. ಹೆನೆಸ್ಸಿ ಆ ರಾತ್ರಿಯೆಲ್ಲ ಬದುಕಿದ್ದ, ಆಸ್ಪತ್ರೆಯಲ್ಲಿ ಪ್ರಜ್ಞೆಯಿಂದಿದ್ದು ಜನರೊಡನೆ ಮಾತನಾಡಿದ. ಒಬ್ಬನ ಹೆಸರನ್ನೂ ಹೇಳಲಿಲ್ಲ. ಮರುದಿನ ತೀರಿಕೊಂಡ. ಮುಂದೆ ವಿಚಾರಣೆ ನಡೆದಾಗ ಆ ಪಿಸುಮಾತು ಕೇಳಿದ ಏಕೈಕ ಮನುಷ್ಯ ಓ’ಕಾನರ್‌ನನ್ನು ಸಾಕ್ಷಿಕಟ್ಟೆಗೆ ಕರೆಯಲೇ ಇಲ್ಲ. ನಿಮ್ಮ ಮಗಳು ಈ ಒಂದು ಸಂಗತಿಯನ್ನಾದರೂ ಪ್ರಬಂಧದಲ್ಲಿ ಬರೆಯಬೇಕೆಂದು ನನ್ನಾಸೆ.

ಸಿಕ್ಕ ಇಟಾಲಿಯನ್ನರನ್ನೆಲ್ಲ ಬಂಧಿಸಿ ಎಂದು ಮೇಯರ್ ಪೊಲೀಸರಿಗೆ ಆಜ್ಞೆಯಿತ್ತ. ಒಂದೇ ದಿನದಲ್ಲಿ ಹತ್ತಾರು ಮಂದಿ ಲಾಕಪ್ಪಿನಲ್ಲಿದ್ದರು. ಎರಡು ದಿನ ಕಳೆಯುವುದರೊಳಗೆ ಥಾಮಸ್ ಡಫಿ ಎಂಬ ಯುವಕ ಜೈಲಿಗೇ ಹೋಗಿ ಅಂತೋನಿಯೊ ಸ್ಕಾಫಿಡಿ ಎಂಬ ಬಂಧಿತನ ಮೇಲೆ ಗುಂಡು ಹಾರಿಸಿದ. ಸ್ಕಾಫಿಡಿ ಬದುಕಿಕೊಂಡ. ತನಿಖೆಗೆ ನೆರವಾಗಲು ಮೇಯರ್ ‘ಐವತ್ತರ ಸಮಿತಿ’ ಎಂದು ಊರಿನ ಗಣ್ಯರ ಕೂಟವೊಂದನ್ನು ನೇಮಿಸಿದ. ಬಂಧಿತರ ನಡುವೆ ಖೋಟಾನೋಟಿನ ಆರೋಪಿಯ ವೇಷದಲ್ಲಿ ಪಿಂಕರ್ಟನ್ ಸಂಸ್ಥೆಯ ಪತ್ತೇದಾರನೊಬ್ಬನನ್ನೂ ಕೂರಿಸಿದರು. ಕೊನೆಗೆ ಹತ್ತೊಂಬತ್ತು ಮಂದಿಯ ಮೇಲೆ ಆರೋಪ ಹೊರಿಸಿ, ಮೊದಲ ಕಂತಿನಲ್ಲಿ ಒಂಬತ್ತು ಮಂದಿಯನ್ನು 1891ರ ಫೆಬ್ರವರಿಯಲ್ಲಿ ವಿಚಾರಣೆಗೆ ಒಳಪಡಿಸಿದರು.

‘ನ್ಯಾಯಾಲಯವನ್ನು ಕೊಂಡುಕೊಂಡರು’ ಎಂಬ ಮಾತು ಹುಟ್ಟಿದ್ದು ಈ ವಿಚಾರಣೆಯಿಂದ. ಜ್ಯೂರಿಯ (ತೀರ್ಪು ಹೇಳುವ ಹನ್ನೆರಡು ಸಾಮಾನ್ಯ ನಾಗರಿಕರ ಕೂಟದ) ಆಯ್ಕೆಯ ಹೊತ್ತಿನಲ್ಲಿ ಕೆಲವರಿಗೆ ಲಂಚದ ಆಮಿಷ ಒಡ್ಡಿದರೆಂಬ ಆರೋಪ ಬಂದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಹನ್ನೆರಡು ಮಂದಿಯನ್ನು ಆರಿಸಿದ್ದು ಹೇಗೆ ಎಂಬುದನ್ನೂ ನೋಡಿ. ಇಟಾಲಿಯನ್ ಮೂಲದವರು ಒಬ್ಬರೂ ಇರಕೂಡದು, ಮರಣದಂಡನೆಗೆ ವಿರೋಧವಿರಕೂಡದು. ನೂರಾರು ಮಂದಿಯನ್ನು ಸೋಸಿ ಉಳಿದವರು ಇವರು. ಇವರ ಮುಂದೆ ಬಂದ ಸಾಕ್ಷ್ಯವಾದರೂ ಎಂಥದು? ಬೆಳಕು ಮಂಕಾಗಿದ್ದ ಬೀದಿಯಲ್ಲಿ, ಮಳೆಯಲ್ಲಿ, ಕ್ಷಣಮಾತ್ರ ಕಂಡವರ ಗುರುತು. ಒಬ್ಬರ ಹೇಳಿಕೆಗೂ ಇನ್ನೊಬ್ಬರದಕ್ಕೂ ತಾಳೆಯಿಲ್ಲ. ಚಾರ್ಲ್ಸ್ ಮಟ್ರಾಂಗ ಮತ್ತು ಬಾಸ್ಟಿಯನ್ ಇನ್ಕಾರ್ಡೋನಾ ಎಂಬ ಇಬ್ಬರ ವಿರುದ್ಧ ಸಾಕ್ಷ್ಯವೇ ಸಾಲದೆಂದು, ಅವರನ್ನು ನಿರಪರಾಧಿಗಳೆಂದು ತೀರ್ಮಾನಿಸುವಂತೆ ನ್ಯಾಯಾಧೀಶರೇ ಜ್ಯೂರಿಗೆ ಸೂಚಿಸಿದರು. ಯಾರನ್ನು ತಂಡದ ನಾಯಕನೆಂದು ಊರೆಲ್ಲ ಬೆರಳು ಮಾಡಿ ತೋರಿಸುತ್ತಿತ್ತೋ ಅವನ ವಿರುದ್ಧವೇ ಏನೂ ಇರಲಿಲ್ಲ! ಮಾರ್ಚ್ 13ರಂದು ತೀರ್ಪು ಬಂತು. ಆರು ಮಂದಿ ಖುಲಾಸೆ. ಪೊಲಿಟ್ಸಿ, ಸ್ಕಾಫಿಡಿ, ಮೊನಾಸ್ತೇರಿಯೊ ಎಂಬ ಮೂವರ ವಿಷಯದಲ್ಲಿ ಜ್ಯೂರಿಗೆ ಒಮ್ಮತವಾಗಲಿಲ್ಲ. ಲಂಚ ತಿಂದ ಜ್ಯೂರಿ ಮೂವರನ್ನು ಹೀಗೆ ನಡುನೀರಿನಲ್ಲಿ ಬಿಡುತ್ತದೆಯೇ? ನನಗೆ ಇದು ಸಂಶಯದ ಲಾಭವನ್ನು ಪ್ರಾಮಾಣಿಕವಾಗಿ ಕೊಟ್ಟವರ ತೀರ್ಪಿನಂತೆ ಕಾಣುತ್ತದೆ.

ಖುಲಾಸೆಯಾದವರನ್ನೂ ಅಂದು ಮನೆಗೆ ಬಿಡಲಿಲ್ಲ. ಇನ್ನೊಂದು ಆರೋಪ ತಾಂತ್ರಿಕವಾಗಿ ಬಾಕಿ ಇದೆಯೆಂದು ಮತ್ತೆ ಜೈಲಿಗೇ ಕಳಿಸಿದರು. ಮರುದಿನ ಬೆಳಗಿನ ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಬಂತು: ಹತ್ತು ಗಂಟೆಗೆ ಕೆನಾಲ್ ರಸ್ತೆಯ ಹೆನ್ರಿ ಕ್ಲೇ ಪ್ರತಿಮೆಯ ಬಳಿ ಸೇರಿ, ಕಾರ್ಯಕ್ಕೆ ಸಿದ್ಧರಾಗಿ ಬನ್ನಿ. ಕೆಳಗೆ ಊರಿನ ಪ್ರತಿಷ್ಠಿತರ ಸಹಿಗಳು. (ಆ ಪ್ರತಿಮೆ ಈಗ ಅಲ್ಲಿಲ್ಲ, ಲಫಾಯೆಟ್ ಚೌಕದಲ್ಲಿದೆ. ಮತ್ತೆ ಹೋದರೆ ಮಗಳಿಗೆ ತೋರಿಸಿ.) ಸಾವಿರಾರು ಜನ ಸೇರಿದರು. ಮುಂದಾಳು ವಿಲಿಯಂ ಪಾರ್ಕರ್ಸನ್ ಎಂಬ ವಕೀಲ, ಇದೇ ಮೇಯರ್ ಶೇಕ್ಸ್‌ಪಿಯರ್‌ನ ಚುನಾವಣಾ ಪ್ರಚಾರದ ಹೊಣೆ ಹೊತ್ತಿದ್ದವನು. ‘ರೊಚ್ಚಿಗೆದ್ದ ಜನ’ ಎಂದು ನಿಮ್ಮ ಗೈಡ್ ಹೇಳಿದ್ದು ಸರಿಯಲ್ಲ. ಜನರಿಗೆ ಕೋಪ ಬಂದದ್ದು ನಿಜವಿರಬಹುದು, ಆದರೆ ಜಾಹೀರಾತು ಕೊಟ್ಟು, ವೇಳೆ ಗೊತ್ತುಮಾಡಿ, ಆಯ್ದ ಬಂದೂಕುಧಾರಿಗಳ ದಳವೊಂದನ್ನು ಒಳಕ್ಕೆ ಕಳಿಸಿ ಮಾಡಿದ ಕೆಲಸ ಇದು. ಆ ಗುಂಪಿನಲ್ಲಿದ್ದ ಜಾನ್ ಪಾರ್ಕರ್ ಎಂಬ ಯುವಕ ಮುಂದೆ ಲೂಯಿಸಿಯಾನದ ಗವರ್ನರ್ ಆದ. ಇಟಲಿಯ ಕಾನ್ಸಲ್ (ಆ ಊರಿನಲ್ಲಿದ್ದ ಇಟಲಿ ಸರ್ಕಾರದ ಪ್ರತಿನಿಧಿ) ಪಾಸ್ಕ್ವಾಲೆ ಕೋರ್ಟೆ ಅಂದು ಬೆಳಿಗ್ಗೆ ಅಧಿಕಾರಿಗಳ ಬಾಗಿಲಿಂದ ಬಾಗಿಲಿಗೆ ಓಡಿದ. ಮೇಯರ್ ಕೈಗೆ ಸಿಗಲಿಲ್ಲ, ಮೇಯರ್ ಕೇಳದೆ ತಾನು ಏನೂ ಮಾಡಲಾರೆ ಎಂದು ಗವರ್ನರ್ ಕೈಚೆಲ್ಲಿದ.

ಜೈಲಿನ ಮೇಲ್ವಿಚಾರಕ ಕೈದಿಗಳ ಕೋಣೆಗಳನ್ನು ತೆರೆದು ಎಲ್ಲಾದರೂ ಅಡಗಿಕೊಳ್ಳಿ ಎಂದ. ಒಂಬತ್ತು ಮಂದಿ ಒಳಗೇ ಸತ್ತರು. ಪೊಲಿಟ್ಸಿ ಮತ್ತು ಬಾಗ್ನೆಟ್ಟೊ ಎಂಬ ಇಬ್ಬರನ್ನು ಹೊರಗೆಳೆದು ಜನರೆದುರು ನೇತುಹಾಕಿದರು. ಸತ್ತವರು ಯಾರು ಎಂಬುದನ್ನು ನಿಧಾನವಾಗಿ ಓದಿಕೊಳ್ಳಿ. ಬಾಗ್ನೆಟ್ಟೊ, ಸ್ಕಾಫಿಡಿ, ಅಂತೋನಿಯೊ ಮಾರ್ಕೇಸಿ ಹಣ್ಣು ಮಾರುವವರು. ಪೊಲಿಟ್ಸಿ ಬೀದಿ ವ್ಯಾಪಾರಿ. ಮೊನಾಸ್ತೇರಿಯೊ ಚಪ್ಪಲಿ ಹೊಲಿಯುವವನು. ಕೊಮಿಟಿಸ್ ತಗಡಿನ ಕೆಲಸದವನು. ಟ್ರೈನಾ ಭತ್ತದ ತೋಟದ ಆಳು. ಜೇಮ್ಸ್ ಕರೂಸೊ ಮತ್ತು ಜೆರಾಚಿ ಹಡಗಿನ ಸರಕು ಇಳಿಸುವ ಕೆಲಸದವರು. ರೊಮೇರೊ ವಾರ್ಡ್ ಮಟ್ಟದ ರಾಜಕಾರಣಿ. ಇನ್ನು ಮಕೆಕಾ, ಅಮೆರಿಕದಲ್ಲೇ ಹುಟ್ಟಿದ ಶ್ರೀಮಂತ ಆಮದುದಾರ, ಮೇಯರ್‌ಗೆ ಎದುರಾಳಿಯಾದ ರಾಜಕೀಯ ಬಣದ ಮುಖಂಡ. ‘ಸತ್ತವರೆಲ್ಲ ಬಡ ಕೂಲಿಗಳು’ ಎಂಬುದೂ ಪೂರ್ತಿ ಸರಿಯಲ್ಲ ಎಂದು ಇದಕ್ಕೇ ಹೇಳುತ್ತೇನೆ. ಈ ಹನ್ನೊಂದರಲ್ಲಿ ಮೂವರು ಹಿಂದಿನ ದಿನವಷ್ಟೇ ಖುಲಾಸೆಯಾದವರು, ಮೂವರು ಜ್ಯೂರಿ ತೀರ್ಮಾನಕ್ಕೆ ಬಾರದವರು, ಉಳಿದ ಐವರ ವಿಚಾರಣೆ ಇನ್ನೂ ನಡೆದೇ ಇರಲಿಲ್ಲ. ಚಾರ್ಲ್ಸ್ ಮಟ್ರಾಂಗ ಅಡಗಿಕೊಂಡು ಬದುಕಿ ಉಳಿದ. ಮತ್ತೆ ಬಂದರಿನ ಕೆಲಸಕ್ಕೇ ಹೋಗಿ 1943ರವರೆಗೆ ಬಾಳಿದ. ಮಾರ್ಕೇಸಿಯ ಹದಿನಾಲ್ಕು ವರ್ಷದ ಮಗನೂ ಆರೋಪಿಗಳಲ್ಲಿ ಒಬ್ಬನಾಗಿದ್ದ. ಅವನೂ ಖುಲಾಸೆಯಾಗಿ ಅದೇ ಜೈಲಿನಲ್ಲಿದ್ದ. ಆ ಹುಡುಗ ಉಳಿದ, ತಂದೆ ಉಳಿಯಲಿಲ್ಲ.

ಕೊಂದವರ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಮುಂದೆ ಅಧ್ಯಕ್ಷನಾಗಲಿದ್ದ ಥಿಯೋಡರ್ ರೂಸ್ವೆಲ್ಟ್ ತನ್ನ ಅಕ್ಕನಿಗೆ ಬರೆದ ಪತ್ರದಲ್ಲಿ ಆದದ್ದು ಒಳ್ಳೆಯದೇ ಆಯಿತು ಎಂದ. ಇಟಲಿ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು. 1892ರಲ್ಲಿ ಅಮೆರಿಕ 25,000 ಡಾಲರ್ ಪರಿಹಾರ ಕೊಟ್ಟ ಮೇಲೆ ಸಂಬಂಧ ಸರಿಹೋಯಿತು. ನ್ಯೂ ಆರ್ಲಿಯನ್ಸ್ ನಗರ ಅಧಿಕೃತವಾಗಿ ಕ್ಷಮೆ ಕೇಳಿದ್ದು 2019ರ ಏಪ್ರಿಲ್‌ನಲ್ಲಿ, ಮೇಯರ್ ಲಾಟೋಯಾ ಕ್ಯಾಂಟ್ರೆಲ್ ಅವರ ಮೂಲಕ.

ಹಾಗಾದರೆ ಇದು ಮಾಫಿಯಾ ಹೌದೋ ಅಲ್ಲವೋ? ಸಿಸಿಲಿಯಲ್ಲಿ ಆ ಹೊತ್ತಿಗೆ ನಿಂಬೆತೋಟಗಳ ಕಾವಲಿನ ಹೆಸರಿನಲ್ಲಿ ಸುಲಿಗೆ ಮಾಡುವ ತಂಡಗಳಿದ್ದವು. ಅಂಥವರ ನಂಟಿದ್ದ ಕೆಲವರು ನ್ಯೂ ಆರ್ಲಿಯನ್ಸಿಗೂ ಬಂದಿದ್ದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1890ರಲ್ಲಿ ಈ ಆಪಾದನೆ ಮುಖ್ಯವಾಗಿ ಬಂದದ್ದು ಎಲ್ಲಿಂದ? ಪ್ರೊವೆಂಜಾನೊಗಳ ಬಾಯಿಂದ. ಮಟ್ರಾಂಗರೇ ಮಾಫಿಯಾದ ಮುಖ್ಯಸ್ಥರು ಎಂದು ಅವರು ಪತ್ರಿಕೆಯವರ ಮುಂದೆ ಹೇಳಿಕೊಂಡರು. ಗುತ್ತಿಗೆ ಕಳೆದುಕೊಂಡವನು ಪ್ರತಿಸ್ಪರ್ಧಿಯ ಬಗ್ಗೆ ಹೇಳಿದ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಬೇಕು. ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಮೇಯರ್ ಎತ್ತಿಕೊಂಡ, ಇಡೀ ಸಮುದಾಯಕ್ಕೆ ಆ ಹಣೆಪಟ್ಟಿ ಅಂಟಿತು. ನಾನು ನೋಡಿದ ಮಟ್ಟಿಗೆ ಇವು ಮೇಸ್ತ್ರಿಗಿರಿಯ ಎರಡು ತಂಡಗಳು. ಕೈಕೆಳಗಿನ ಆಳುಗಳನ್ನು ಬೆದರಿಸುತ್ತಿದ್ದವು, ಬೇಕಾದಾಗ ಬಂದೂಕು ಎತ್ತುತ್ತಿದ್ದವು, ರಾಜಕಾರಣಿಗಳ ಬೆನ್ನಾಸರೆಯೂ ಇತ್ತು. ಅದಕ್ಕಿಂತ ಹೆಚ್ಚಿನದನ್ನು ಸಾಬೀತು ಮಾಡುವ ಕಾಗದಪತ್ರ ಯಾವ ನ್ಯಾಯಾಲಯದ ಮುಂದೆಯೂ ಬರಲಿಲ್ಲ. ಜೈಲಿನ ಹತ್ಯೆ ನಡೆದ 1891ರಲ್ಲೇ ನಗರದ ದಕ್ಕೆಗಳನ್ನೆಲ್ಲ ಒಂದು ಖಾಸಗಿ ಕಂಪನಿಗೆ ಭೋಗ್ಯಕ್ಕೆ ಕೊಟ್ಟರು. ಇಟಾಲಿಯನ್ನರನ್ನು ಬಂದರಿನಿಂದ ಓಡಿಸಲೆಂದೇ ಹತ್ಯೆ ನಡೆಯಿತು ಎನ್ನುವವರು ಇದನ್ನು ಎತ್ತಿ ತೋರಿಸುತ್ತಾರೆ. ಯೋಚಿಸತಕ್ಕ ವಾದ, ಆದರೆ ಎರಡು ಸಂಗತಿಗಳು ಒಂದೇ ವರ್ಷ ನಡೆದವೆಂಬುದು ಒಂದು ಇನ್ನೊಂದಕ್ಕೆ ಕಾರಣವೆನ್ನಲು ಸಾಲದು.

ಹೆನೆಸ್ಸಿಯನ್ನು ಕೊಂದವರು ಯಾರು ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಮಟ್ರಾಂಗ ಕಡೆಯ ಯಾರೋ ಎಂಬ ಓದು ಎಲ್ಲಕ್ಕಿಂತ ಸಹಜವಾಗಿ ಕಾಣುತ್ತದೆ, ಏಕೆಂದರೆ ಅವರಿಗೆ ಕಾರಣವಿತ್ತು. ಕಾರಣ ಇದ್ದವರನ್ನೆಲ್ಲ ಅಪರಾಧಿ ಎನ್ನುವ ಅಪಾಯ ಅಲ್ಲಿದೆ. ಅವನ ಹಳೆಯ ವೈರಿಗಳು ಎಂಬ ಊಹೆಯೂ ಇದೆ. ಡೆವೆರೊ ಪ್ರಕರಣ ನೆನೆದರೆ ಅದು ಅಸಂಭವವಲ್ಲ. ಆದರೆ ಒಬ್ಬನತ್ತಲಾದರೂ ಬೆರಳು ತೋರಿಸುವ ಪುರಾವೆ ಅದಕ್ಕೂ ಇಲ್ಲ. ಪ್ರೊವೆಂಜಾನೊಗಳೇ ಕೊಂದು ಎದುರಾಳಿಗಳ ತಲೆಗೆ ಕಟ್ಟಿದರು ಎಂಬುದು ನನಗೆ ಎಲ್ಲಕ್ಕಿಂತ ದುರ್ಬಲವೆನಿಸುತ್ತದೆ. ತಮ್ಮ ಪರ ಸಾಕ್ಷಿ ಹೇಳಲಿದ್ದವನನ್ನು ಅವರೇಕೆ ಕೊಲ್ಲುತ್ತಾರೆ? ‘ಈ ಕೊಲೆಗಾಗಿ ಯಾವ ನ್ಯಾಯಾಲಯವೂ ಯಾರನ್ನೂ ಅಪರಾಧಿ ಎಂದು ತೀರ್ಮಾನಿಸಲಿಲ್ಲ’ ಎಂಬ ಒಂದು ವಾಕ್ಯ ಬರೆದರೆ ಸಾಕು.

ಗೈಡ್‌ಗಳು ಸಾಮಾನ್ಯವಾಗಿ ಸೇರಿಸುವ ಇನ್ನೊಂದು ಮಾತಿದೆ, ಇದು ಅಮೆರಿಕದ ಇತಿಹಾಸದ ಅತಿ ದೊಡ್ಡ ಗುಂಪುಹತ್ಯೆ ಎಂದು. ಅದನ್ನು ಹಾಗೆಯೇ ಬರೆಯಬೇಡಿ. 1871ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗುಂಪೊಂದು ಇದಕ್ಕಿಂತ ಹೆಚ್ಚು ಚೀನೀಯರನ್ನು ಕೊಂದಿತ್ತು. ನೀವಿರುವ ಲೂಯಿಸಿಯಾನದಲ್ಲೇ, 1873ರಲ್ಲಿ ಕೋಲ್‌ಫ್ಯಾಕ್ಸ್‌ನಲ್ಲಿ ಹತ್ತಾರು ಕಪ್ಪು ಜನರ ಹತ್ಯೆಯಾಯಿತು. 1887ರಲ್ಲಿ ಥಿಬೊಡೊದಲ್ಲಿ ಮುಷ್ಕರ ಹೂಡಿದ್ದ ಕಬ್ಬಿನ ತೋಟದ ಕಪ್ಪು ಕಾರ್ಮಿಕರನ್ನು ಬೇಟೆಯಾಡಿದರು. ಆ ಸತ್ತವರಲ್ಲಿ ಬಹುಪಾಲು ಜನರಿಗೆ ಯಾವ ದೇಶದ ಕಾನ್ಸಲ್ಲೂ ಓಡಾಡಲಿಲ್ಲ, ಪರಿಹಾರವೂ ಬರಲಿಲ್ಲ. ಇಟಾಲಿಯನ್ನರ ಸಂಕಟವನ್ನು ಹೇಳುವಾಗ ಇವರನ್ನು ಲೆಕ್ಕದಿಂದ ಅಳಿಸುವುದು ಇನ್ನೊಂದು ಅನ್ಯಾಯವಾಗುತ್ತದೆ.

ಇನ್ನು ಪ್ರಬಂಧ. ಗೈಡ್ ಹೇಳಿದಂತೆಯೇ ಬರೆದರೆ ರೋಚಕವಾಗಿರುತ್ತದೆ, ತರಗತಿಯಲ್ಲಿ ಚಪ್ಪಾಳೆಯೂ ಬೀಳಬಹುದು. ಆದರೆ ಖುಲಾಸೆಯಾದವರನ್ನು ನಿಮ್ಮ ಮಗಳು ಮತ್ತೊಮ್ಮೆ ಕೊಲೆಗಾರರೆಂದು ಬರೆದಂತಾಗುತ್ತದೆ. ಹತ್ಯೆಯೊಂದನ್ನೇ ಬರೆದು ಹಗೆತನವನ್ನು ಬಿಟ್ಟರೆ ನೆರೆಮನೆಯ ಹಿರಿಯರಿಗೆ ಸಮಾಧಾನವಾಗುತ್ತದೆ, ಆದರೆ ಮೇ ತಿಂಗಳ ಆ ಬಂಡಿಯ ಮೇಲಿನ ದಾಳಿಯ ಬಗ್ಗೆ ಟೀಚರ್ ಒಂದು ಪ್ರಶ್ನೆ ಕೇಳಿದರೆ ಇಡೀ ಬರಹದ ಮೇಲಿನ ನಂಬಿಕೆ ಕುಸಿಯುತ್ತದೆ. ನಾನಾದರೆ ಹಣ್ಣಿನ ದಕ್ಕೆಯನ್ನೇ ನಡುವಿಗಿಟ್ಟು ಬರೆಸುತ್ತೇನೆ: ಆ ಗುತ್ತಿಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಏಕೆ, ಅದರಿಂದ ಯಾರಿಗೆ ಏನಾಯಿತು. ಇದರ ತೊಂದರೆ ಎಂದರೆ ವಿವರಣೆ ಹೆಚ್ಚು ಬೇಕು, ಎಂಟನೇ ತರಗತಿಯ ಹುಡುಗಿಗೆ ಸ್ವಲ್ಪ ಶ್ರಮ. ಬಾಳೆಗೊನೆ ಇಳಿಸುವ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿವೆ. ಕೆಲವು ವರ್ಷ ಈಚಿನವಾದರೂ ಕೆಲಸದ ಬಗೆ ಕಣ್ಣಿಗೆ ಕಟ್ಟುತ್ತದೆ.

ಬರೆಯುವಾಗ ಅವಳು ಒಂದು ಅಭ್ಯಾಸ ಇಟ್ಟುಕೊಳ್ಳಲಿ. ಪ್ರತಿ ಆಪಾದನೆಯ ಪಕ್ಕದಲ್ಲಿ, ಇದನ್ನು ಯಾರು ಹೇಳಿದರು, ಹೇಳಿದವರಿಗೆ ಅದರಿಂದ ಏನು ಲಾಭವಿತ್ತು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಲಿ. ಅಂದಿನ ಪತ್ರಿಕೆಗಳನ್ನು ಬಳಸುವಾಗ ಇದು ತೀರ ಅಗತ್ಯ. ಜೈಲಿನ ಹತ್ಯೆಯಾದ ಎರಡೇ ದಿನಕ್ಕೆ ನ್ಯೂಯಾರ್ಕಿನ ಪ್ರತಿಷ್ಠಿತ ಪತ್ರಿಕೆಯೊಂದರ ಸಂಪಾದಕೀಯ ಸಿಸಿಲಿಯವರನ್ನು ಡಕಾಯಿತರ ಸಂತತಿ ಎಂದು ಜರೆದಿತ್ತು. ಅದನ್ನು ಸಾಕ್ಷ್ಯವಾಗಿ ಉದ್ಧರಿಸಬಾರದು, ಆ ಕಾಲದ ಮನಸ್ಸಿಗೆ ಮಾದರಿಯಾಗಿ ಉದ್ಧರಿಸಬಹುದು. ಸತ್ತ ಹನ್ನೊಂದು ಮಂದಿಯ ಹೆಸರು ಮತ್ತು ಕಸುಬನ್ನು ಬಿಡದೆ ಬರೆಯಲಿ. ಕರಡು ಸಿದ್ಧವಾದ ಮೇಲೆ ನೆರೆಮನೆಯ ಹಿರಿಯರಿಗೆ ಓದಿ ಹೇಳಿ. ಪ್ರೊವೆಂಜಾನೊ–ಮಟ್ರಾಂಗ ಜಗಳದ ಭಾಗಕ್ಕೆ ಅವರು ಆಕ್ಷೇಪಿಸಬಹುದು. ಆಗ ಅದನ್ನು ಅಳಿಸಬೇಡಿ. ಅವರ ಮನೆಯಲ್ಲಿ ಈ ಘಟನೆಯ ಬಗ್ಗೆ ಏನು ಹೇಳಿಕೊಂಡು ಬಂದಿದ್ದಾರೆ ಎಂದು ಕೇಳಿ, ಅವರು ಒಪ್ಪಿದರೆ ಅದನ್ನೂ ಪ್ರಬಂಧದ ಕೊನೆಗೆ ಅವರ ಮಾತೆಂದೇ ಗುರುತಿಸಿ ಸೇರಿಸಿ.